ಒಂದರಿಂದ ಐದರ ತನಕ

ಕಾಗದ ಬದಿಗಿಡು ತಂಗಿ, ಮೊದಲ ಚಹಾ ಕುಡಿ.
ನಿನ್ನ ಕಪ್ಪಿಗೆ ಸಕ್ಕರಿ ಹಾಕೀನಿ, ನಂದಕ್ಕಿಲ್ಲ.
ಬೇಕಂದ್ರ ಅದನ್ನೂ ಬರ್ಕೋ.

ಕಪನೂರಿನ ದಾಲ್ ಮಿಲ್ಲಿನಾಗ
ಕಾಂಟಾದ ಮುಂದ ಕುಂತು ಹದಿನೆಂಟು ವರ್ಷ ಆತು.
ತೊಗರಿ ಬರ್ತದ, ತೂಗಿಸ್ತೀನಿ, ಬರಿತೀನಿ.
ಬ್ಯಾಳಿ ತೂಕ ಬ್ಯಾರೆ, ಹೊಟ್ಟಿನ ತೂಕ ಬ್ಯಾರೆ,
ಧೂಳಿಗೂ ಒಂದು ಕಾಲಂ ಅದ.
ನಾ ಮಾತ್ರ ಆ ಕಾಂಟಾ ಎಂದೂ ಏರಿಲ್ಲ.
ಒಮ್ಮೆ ಹಮಾಲಿ ಹುಡುಗ ಅಂದಿದ್ದ,
"ಅಕ್ಕಾ, ನೀ ನಿಂತ್ರ ಎರಡು ಚೀಲ ಹೆಚ್ಚಿಗಿ ಬರಿಬೇಕಾಗ್ತದ."
ನಾನೂ ನಕ್ಕೆ. ಎಲ್ಲಾರಿಗಿಂತ ಜೋರಾಗಿ ನಕ್ಕೆ.
ಅದಕ್ಕ ನಿಮ್ಮ ಫಾರ್ಮಿನಾಗ ನಂಬರ್ ಎಷ್ಟು?

ಮೊದಲ ಸಲ ಬಂದಾಗ ನೀ ಓದಿದ್ದಿ:
ಕಳೆದ ನಾಲ್ಕು ವಾರಗಳಲ್ಲಿ ನಿಮ್ಮ ದೇಹತೂಕದಿಂದ
ಎಷ್ಟು ತೊಂದರೆಯಾಗಿದೆ, ಒಂದರಿಂದ ಐದರ ತನಕ ಹೇಳಿ.
ಮೂರು, ಅಂದೆ.
ಮೂರು ಅಂದ್ರ ಯಾರಿಗೂ ಸಿಟ್ಟು ಬರಲ್ಲ.

ಆ ಮೂರರೊಳಗ
ಕಲಬುರಗಿ ಬ್ಯಾಸಗಿಗೆ ತೊಡಿಗೆ ತೊಡಿ ಉಜ್ಜಿ ಸುಲಿದ ಚರ್ಮ ಇತ್ತು,
ರಾತ್ರಿ ಲೈಟ್ ಆರಿಸಿ ಹಚ್ಕೊಂಡ ಕೊಬ್ಬರಿ ಎಣ್ಣಿ ಇತ್ತು.
ಆಟೋದವ ಎರಡು ಸೀಟಿನ ರೊಕ್ಕ ಕೇಳಿದ್ದು,
ನಾ ಚೌಕಾಶಿ ಮಾಡದೆ ಕೊಟ್ಟಿದ್ದು.
ನಾದಿನಿ ಮದುವ್ಯಾಗ ಪಂಕ್ತಿಗೆ ಕುಂಡ್ರದೆ
ಸಾರಿನ ಬಕೇಟು ಹಿಡ್ಕೊಂಡು ಬಡಿಸ್ತಾ ತಿರುಗಿದ್ದು.
ಮಂದಿ ಅಂದ್ರು, ನೀಲಗಂಗಮ್ಮ ಎಷ್ಟು ದುಡಿತಾಳ!
ಕುಂತ್ರ ಎಬ್ಬಿಸಾಕ ಇಬ್ಬರು ಬೇಕಿತ್ತು, ಅಷ್ಟೇ.
ಕಾಲುಂಗುರ ಬೆರಳಿಗೆ ಕಚ್ಚಿ
ಅಕ್ಕಸಾಲಿಗ ಕತ್ತರಿಸಿ ತೆಗೆದ ದಿನ
ಮನಿಯವರು ನನ್ನ ಕಾಲಿನ ಕಡಿ ನೋಡಲೇ ಇಲ್ಲ.

ಆಮ್ಯಾಲ ನೀ ಪುಡಿ ಕೊಟ್ಟಿ, ತೊಂಬತ್ತು ಪೊಟ್ಟಣ.
ಅಳಲೆ, ತಾರೆ, ನೆಲ್ಲಿ, ಗುಗ್ಗುಳ ಅಂದಿ.
ಮುಂಜಾನಿ ಬಿಸಿನೀರಿಗೆ ಒಂದು,
ಮುಂದ ಒಂದು ತಾಸು ಬಾಯಿಗೆ ಏನೂ ಹಾಕಬಾರದು.
ಆ ತಾಸು ದಾಟೋದೇ ಕಷ್ಟ.
ಮನ್ಯಾಗಿದ್ರ ಸೊಸಿ ಬಡಿಯೋ ರೊಟ್ಟಿ ಸಪ್ಪಳ ಕೇಳ್ತದ.
ಅದಕ್ಕ ಹೊರಗ ಹೊಂಟೆ, ಅಪ್ಪನ ಕೆರಿ ಕಡಿ.
ಬಾಜೂ ಮನಿ ಖೈರೂನಬಿ ಗಂಟು ಬಿದ್ಲು,
ಅಕಿಗೆ ಸಕ್ಕರಿ ಬ್ಯಾನಿ, ನಂಗ ಪೊಟ್ಟಣ.
ಮೊದಲ ದಿನ ಅರ್ಧ ಸುತ್ತು,
ಉಳಿದರ್ಧ ಕಟ್ಟಿ ಮ್ಯಾಲ ಕುಂತು ಸೊಸೆಂದಿರ ಸುದ್ದಿ.
ಈಗ ಮೂರು ಸುತ್ತು. ಸುದ್ದಿ ಇನ್ನೂ ಮುಗಿದಿಲ್ಲ.

ನಡುವ ಒಂಬತ್ತು ದಿನ ತಗೊಂಡಿಲ್ಲ, ಇದು ಬರ್ಕೋಬ್ಯಾಡ.
ಮಗಳ ಕುಬಸ, ಮನಿ ತುಂಬ ಹೋಳಿಗಿ.
ಪುಡಿ ಕರಿಬೇವಿನ ಗಿಡಕ್ಕ ಸುರುವಿದೆ.
ಅದೇನೂ ಸಣ್ಣ ಆಗಲಿಲ್ಲ.

ಇವತ್ತು ತೂಗಿದಿ: ಎರಡು ಕಿಲೋ ಏಳುನೂರು ಗ್ರಾಂ ಕಡಿಮಿ.
ಮಿಲ್ಲಿನಾಗಾದ್ರ
ಹರಕ ಚೀಲ ಹೊತ್ತು ಒಯ್ಯೂದ್ರಾಗ ಉದುರೋವಷ್ಟು.
ಈಗ ಹೇಳ್ತಿ, ಅರ್ಧ ಮಂದಿಗೆ ಔಷಧ,
ಅರ್ಧ ಮಂದಿಗೆ ಬರೇ ಹೊಟ್ಟು, ಬೇವಿನ ಕಹಿ ಕಲಸಿದ್ದು.
ಯಾರಿಗೆ ಯಾವುದು ಅನ್ನೋ ಪಟ್ಟಿ
ನಿಮ್ಮ ಸರ್ ಕಪಾಟಿನಾಗ ಅದ, ಇನ್ನೂ ಬಿಚ್ಚಿಲ್ಲ.
ಸಹಿ ಮಾಡಿಸುವಾಗ ಹೇಳಿದ್ದೆ ಅಂತಿ.
ಇರಬಹುದು. ಆಗ ನನ್ನ ಕಣ್ಣು
ನಿನ್ನ ಮಷೀನಿನ ಮುಳ್ಳಿನ ಮ್ಯಾಲಿತ್ತು.

ಸಿಟ್ಟು ಬಂತು, ಖರೆ ಹೇಳ್ತೀನಿ.
ಹದಿನೆಂಟು ವರ್ಷ ಹೊಟ್ಟು ಬ್ಯಾರೆ ಬ್ಯಾಳಿ ಬ್ಯಾರೆ ಬರದಾಕಿಗೆ
ಬಾಯಾಗ ಇದ್ದದ್ದು ಯಾವುದು, ತಿಳೀಲಿಲ್ಲಲ್ಲ.

ಇರಲಿ, ಬರಿ.
ನಿನ್ನೆ ಸಂಜಿ ಕರೆಂಟ್ ಹೋತು.
ಮೇಣಬತ್ತಿ ಹುಡುಕಾಕ ಮಂಚದ ಕೆಳಗ ಬಗ್ಗಿದೆ,
ಸಿಕ್ತು, ಎದ್ದೆ.
ಎದ್ದ ಮ್ಯಾಲ ಗೊತ್ತಾತು, ಗ್ವಾಡಿ ಹಿಡಿದಿಲ್ಲ.
ಕತ್ತಲಾಗ ಒಬ್ಬಾಕೇ
ಮತ್ತ ಕುಂತೆ, ಮತ್ತ ಎದ್ದೆ.
ಕಡ್ಡಿ ಗೀರೋದು ಮರೆತೆ.

ಇದಕ್ಕ ಎಷ್ಟು ಹಾಕ್ತಿ? ನೀನೇ ಹಾಕು.
ಪಟ್ಟಿ ಬಿಚ್ಚಿದ ದಿನ ಫೋನ್ ಹಚ್ಚು,
ಹಚ್ಚದಿದ್ರೂ ನಡೀತದ.
ನಾಳೆ ಐದಕ್ಕ ಖೈರೂನಬಿ ಬಾಗಿಲ ಬಡಿತಾಳ.
ಪೊಟ್ಟಣ ಮುಗಿದಾವ ಅಂತ
ಅಕಿಗೆ ನಾ ಹೇಳಿಲ್ಲ.