ಸುತ್ತಿಗೆಯ ಸರದಿ

ಆ ತಿಂಗಳು ಸುತ್ತಿಗೆ ನಮ್ಮ ಮನೆಯದು.
ಬಾಗಿಲ ಹಿಂದಿನ ಮೊಳೆಗೆ, ಜರಡಿಯ ಪಕ್ಕ
ತೂಗುತ್ತಿತ್ತು, ಊರಿನ ಹೆಸರು ಮುಖದ ಮೇಲೆ
ತಿರುಗುಮುರುಗು ಕೆತ್ತಿಸಿಕೊಂಡು.
ಹೊಡೆದಾಗಲೇ ಅದು ನೆಟ್ಟಗೆ ಓದಿಸಿಕೊಳ್ಳುವುದು:
ಕಡಿದ ದಿಮ್ಮಿಗೊಂದು ಏಟು, ಉಳಿದ ಬುಡಕ್ಕೊಂದು ಏಟು.
ಎರಡೂ ಇದ್ದರೆ ಮರ. ಇಲ್ಲದಿದ್ದರೆ ಕಳವು.

ಗಂಡ ನಗುತ್ತಿದ್ದ: "ಮನೆಗೆ ಅತ್ತೆ ಬಂದ ಹಾಗಾಯಿತು,
ದನಿಯೇ ಇಲ್ಲ, ಆದರೂ ಎಲ್ಲ ಮೆತ್ತಗೆ ನಡೆಯುತ್ತೀರಿ."

ಎಂಪಿಂಗೊ ಅವಸರದ ಮರವಲ್ಲ.
ನನ್ನಜ್ಜಿ ಮೈನೆರೆದಾಗ ಹೆಬ್ಬೆರಳಿನಷ್ಟಿದ್ದದ್ದು
ಅವಳು ಸತ್ತಾಗ ನನ್ನ ತೋಳಿನ ದಪ್ಪ.
ಹೊರಗೆ ಮುಳ್ಳು, ಬೂದಿ ಬಣ್ಣ, ನೋಡಿದರೆ ಬೇಲಿಗೂ ಬೇಡ;
ಒಳಗೆ ಇದ್ದಿಲಿಗಿಂತ ಕಪ್ಪು,
ಕೊಡಲಿಯ ಬಾಯಿ ಮುರಿಯುವ ಕಪ್ಪು.
ಕಡಲಾಚೆ ಅದನ್ನು ಕೊರೆದು ಊದುತ್ತಾರಂತೆ.
ಕ್ಲಾರಿನೆಟ್ಟೆಂಬುದನ್ನು ನಾನು ಕೇಳಿದ್ದು ಒಮ್ಮೆ,
ಕಿಲ್ವಾದ ಬಸ್ ನಿಲ್ದಾಣದ ರೇಡಿಯೋದಲ್ಲಿ:
ಮೂಗು ಕಟ್ಟಿದ ಮಗು ನಿದ್ದೆಯಲ್ಲಿ ಏನೋ ಹೇಳಿದ ಹಾಗೆ.

ಮೊದಲು ಲಾರಿಗಳು ಬರುತ್ತಿದ್ದವು.
ಒಂದು ಚೀಲ ಸಕ್ಕರೆ, ಹಿರಿಯನಿಗೊಂದು ಟಾರ್ಚು,
ಎಪ್ಪತ್ತು ವರ್ಷದ ಮರ ರಾತ್ರೋರಾತ್ರಿ ಡಾಂಬರು ದಾಟುತ್ತಿತ್ತು.
ಆಮೇಲೆ ನಾವು ಎಲ್ಲೆ ನಡೆದೆವು, ನಾಲ್ಕು ದಿನ,
ಕೆಂಪು ಬಣ್ಣದ ಡಬ್ಬಿ, ಒಣ ಮರಗೆಣಸು,
ಮೂರನೆಯ ದಿನ ಹಳ್ಳದ ದಡದಲ್ಲಿ
ಪಕ್ಕದೂರಿನವರೊಡನೆ ಜಗಳ.
ಹಳ್ಳ ಯಾರದೆಂದು ಇವತ್ತಿಗೂ ತೀರ್ಮಾನವಾಗಿಲ್ಲ,
ಇಬ್ಬರೂ ಕಾಯುತ್ತೇವೆ,
ಅದರಿಂದ ಹಳ್ಳಕ್ಕೇನೂ ನಷ್ಟವಿಲ್ಲ.

ವರ್ಷಕ್ಕೆ ಇಷ್ಟೇ ಮರ ಎಂದು
ಮಾವಿನ ಕೆಳಗೆ ಕೈ ಎತ್ತಿಸಿ ಎಣಿಸಿದ್ದು.
ಬಂದ ಹಣ ಸೂಲಗಿತ್ತಿಯ ಕೋಣೆಗೆ.
ಗೋಡೆ ಎದ್ದಿತ್ತು. ತಗಡಿಗೆ ಇನ್ನೂ ಎರಡು ದಿಮ್ಮಿ ಬೇಕಿತ್ತು.

ಎಳ್ಳು ಕೊಯ್ದ ಇರುಳು
ದೀಪವಿಲ್ಲದ ಸೈಕಲ್ಲೊಂದು ಅಂಗಳಕ್ಕೆ ಬಂತು.
ಅಕ್ಕ ಸೊಮೊಯೆಯ ಮಗ ಎಂಷಾಮು.
ಹಿಂದೆ ಗೋಣಿ ಸುತ್ತಿದ ದಿಮ್ಮಿ, ರಬ್ಬರ್ ಪಟ್ಟಿ ಬಿಗಿದು.
"ಚಿಕ್ಕಮ್ಮಾ, ಒಂದೇ ಏಟು," ಅಂದ.
ಅಷ್ಟೇ. ಬೇಡಲಿಲ್ಲ, ಕಾರಣ ಹೇಳಲಿಲ್ಲ.
ಅವನ ಹೆಂಡತಿಗೆ ಏಳು ತಿಂಗಳೆಂದು ನನಗೆ ಗೊತ್ತಿತ್ತು,
ನನಗೆ ಗೊತ್ತಿದೆಯೆಂದು ಅವನಿಗೂ.

ಮೊಳೆಯಿಂದ ಸುತ್ತಿಗೆ ತೆಗೆದೆ.
ಹೇಳುವಾಗ ಸುಳ್ಳು ಬೆರೆಸಬಾರದು:
ಎತ್ತಿದೆ ಕೂಡ.
ಲಾಂದ್ರದ ಬೆಳಕಿಗೆ ಅವನು ದಿಮ್ಮಿಯ ಕೊಯ್ದ ಮುಖ ತಿರುಗಿಸಿದ.
ನಡುವೆ ತೂತು.
ಕೈ ಇಟ್ಟೆ, ಮಣಿಕಟ್ಟಿನವರೆಗೂ ಹೋಯಿತು,
ಒಳಗೆ ಗೆದ್ದಲಿನ ಮಣ್ಣು.
ಊದುವುದಕ್ಕಾಗದ, ಉರಿಸುವುದಕ್ಕಷ್ಟೇ ಆಗುವ
ಎಪ್ಪತ್ತು ವರ್ಷ.
ಕಡಿಯುವ ಮುನ್ನ ಕೊಡಲಿಯ ಬೆನ್ನಿನಿಂದ ಬುಡ ತಟ್ಟಿ
ಕಿವಿಗೊಟ್ಟು ಕೇಳಬೇಕೆಂದು ಕಲಿಸಿದ್ದು ನಾವೇ, ಹಗಲಲ್ಲಿ.
ಕದಿಯಲು ಹೋದವನಿಗೆ ಸದ್ದು ಮಾಡುವ ಧೈರ್ಯವೆಲ್ಲಿ?

ಸೈಕಲ್ ತಳ್ಳಿಕೊಂಡು ಮಾವಿನ ತನಕ ನಡೆದೆವು,
ಅವನು ಹ್ಯಾಂಡಲ್, ನಾನು ದಿಮ್ಮಿ ಹಿಡಿದು.
ಏರಿನಲ್ಲಿ ಇಬ್ಬರಿಗೂ ಒಂದೇ ಏದುಸಿರು.

ದಂಡ: ಎರಡು ವಾರ ಬೆಂಕಿಗೆರೆ ಸವರುವುದು,
ಕಡಿದ ಬುಡ ಚಿಗುರಿದರೆ ಮೇಕೆ ಮುಟ್ಟದಂತೆ ಕಾಯುವುದು.
ತೀರ್ಪು ಕೇಳಿ ಸೊಮೊಯೆ ಎದ್ದು ಹೋದಳು,
ಚಾಪೆ ಅಲ್ಲೇ ಬಿಟ್ಟು.
ಅಂದಿನಿಂದ ಬಾವಿಯಲ್ಲಿ ನಾನು ಹಗ್ಗ ಇಳಿಬಿಟ್ಟರೆ
ಅವಳು ತನ್ನ ಬಕೆಟ್ಟು ದೂರ ಸರಿಸುತ್ತಾಳೆ.

ತಿಂಗಳು ತುಂಬಿತು. ಸರದಿ ಮನೆಸಾಲಿನ ಪ್ರಕಾರ;
ನಮ್ಮ ಮುಂದಿನ ಮನೆ ಅವಳದೇ.
ಬೇಲಿಯ ಮೇಲಿಂದ ಕೊಡಬಹುದಿತ್ತು. ಸುತ್ತಿ ಹೋದೆ.
ತಗೊಂಡಳು. ಮೊಣಕಾಲ ಮೇಲಿಟ್ಟು
ಕಂಗಾದ ತುದಿಯಿಂದ ಅದರ ಮುಖ ಒರೆಸಿದಳು,
ತಿರುಗಿ ನಿಂತ ಅಕ್ಷರಗಳ ಮೇಲೆ ಹೆಬ್ಬೆರಳಾಡಿಸಿದಳು.
ಬಹಳ ಹೊತ್ತಿನ ಮೇಲೆ, ಸುತ್ತಿಗೆಯನ್ನೇ ನೋಡುತ್ತ:
"ಇದಕ್ಕೆ ಎಣ್ಣೆ ಹಚ್ಚುವುದುಂಟೋ?"
"ಕೊಬ್ಬರಿ ಎಣ್ಣೆ," ಅಂದೆ. "ಸ್ವಲ್ಪವೇ.
ಹಿಡಿಗೆ ಬೇಡ. ಜಾರುತ್ತದೆ."