ಎಂಟು ಮನೆಯ ಮೀನು

ವಾಲ್ಪರೈಸೊದ ಗುಡ್ಡಕ್ಕೆ ಏಣಿ ಒರಗಿಸಿಟ್ಟ ಹಾಗೆ ಹಳಿ.
ಒಂದು ಡಬ್ಬಿ ಏರಬೇಕಾದರೆ ಇನ್ನೊಂದು ಇಳಿಯಬೇಕು,
ನಡುವೆ ಒಂದೇ ಉಕ್ಕಿನ ಹಗ್ಗ.
ಮೂರು ತಿಂಗಳ ಇಂಟರ್ನ್‌ಶಿಪ್ಪಿಗೆಂದು
ಮೇಲಿನ ಯಂತ್ರದ ಕೋಣೆಗೆ ಹೋದಾಗ
ಬಗಲಲ್ಲಿ ಫೈಲು, ಫೈಲಿನಲ್ಲಿ ಅಂಕಪಟ್ಟಿ,
ಗಂಟಲಲ್ಲಿ ಏನೂ ಇಲ್ಲ.

"ಹೆಸರು?"
ಮಿಲ್ಲಾರಾಯ್ ಅಂತಿಲೆಫ್, ಅಂದೆ.
"ಜೋರಾಗಿ. ಹಗ್ಗಕ್ಕೂ ಕೇಳಲಿ."
ಫೈಲನ್ನು ಡಾನ್ ಫೆರ್ಮೀನ್ ಬಿಚ್ಚಲೇ ಇಲ್ಲ.
ಗ್ರೀಸ್ ಡಬ್ಬಿಯ ಕೆಳಗೆ ಹಾಸಿದರು,
ಮೇಜು ಕೊಳೆಯಾಗಬಾರದಲ್ಲ.

ಮೊದಲ ವಾರ ಸ್ಪ್ಯಾನರ್ ಮುಟ್ಟಗೊಡಲಿಲ್ಲ.
ಕೇಳು, ಅಂದರು. ಕೇಳಿದೆ.
ಚಕ್ರ ಗುಂಯ್‌ಗುಡುವುದು, ಹಲ್ಲಿಗೆ ಹಲ್ಲು ಕಚ್ಚುವುದು,
ಕಡಲ ಗಾಳಿಗೆ ಹಗ್ಗ ತನ್ನೊಳಗೇ ಗೊಣಗುವುದು.
ಏನು ಕಲಿತೆ, ಅಂದಳು ಮನೆಯಲ್ಲಿ ಅಮ್ಮ.
ಸದ್ದು, ಅಂದೆ.
ಬಸ್ಸಿನ ದುಡ್ಡು ದಂಡ ಅನ್ನುವ ಹಾಗೆ ನೋಡಿದಳು.
ಆ ಸ್ಟೈಪೆಂಡು ಬಸ್ಸಿಗೂ ಸಾಲುತ್ತಿರಲಿಲ್ಲ, ನಿಜ.
ಊಟದ ಹೊತ್ತಿಗೆ ಅವರು ಬ್ರೆಡ್ಡು ಮುರಿದು
ದೊಡ್ಡ ಚೂರನ್ನು ನನ್ನ ಕಡೆ ತಳ್ಳುತ್ತಿದ್ದರು,
ಹಲ್ಲುನೋವು ಅಂತ ಸುಳ್ಳು ಹೇಳಿ.

ಒಳ್ಳೆಯವರೆಂದು ಹೇಳುತ್ತಿಲ್ಲ.
ಬಾಯಿ ಬಿಟ್ಟರೆ ಬಂದರಿನ ಹಮಾಲರೂ ಕಿವಿ ಮುಚ್ಚಬೇಕು.
ಒಂದು ಬೋಲ್ಟನ್ನು ನಾನು ಅತಿಯಾಗಿ ಬಿಗಿದು ಮುರಿದ ದಿನ
ಸಂಜೆಯವರೆಗೂ ಮಾತಿಲ್ಲ.
ಮರುದಿನ ಮೇಜಿನ ಮೇಲೆ ಒಂದು ಡಬ್ಬಿ ಬೋರಲು ಹಾಕಿ
"ಇವು ನಾನು ಮುರಿದವು. ಎಣಿಸು," ಅಂದರು.
ಎಣಿಸಿದೆ. ಹದಿನೇಳು.
ತುಕ್ಕಿಲ್ಲದೆ ಹೊಳೆಯುತ್ತಿದ್ದದ್ದು ನನ್ನದು.

ಮಾರ್ಚ್ ಕೊನೆಯ ವಾರ
ಹಗ್ಗದ ತುದಿಯ ಹಿಡಿಕೆಗಳನ್ನು ಬದಲಿಸಬೇಕಿತ್ತು.
ನೀನೇ ಮಾಡು, ಅಂದರು.
ಆರು ಹಿಡಿಕೆ, ಹನ್ನೆರಡು ನಟ್ಟು.
ಸ್ಪ್ಯಾನರ್ ಕ್ಲಿಕ್ ಅಂದದ್ದನ್ನು ಎರಡೆರಡು ಸಲ ಕೇಳಿಸಿಕೊಂಡೆ.
ಮರಳಿನ ಚೀಲ ತುಂಬಿ ಇಳಿಸಿ, ಏರಿಸಿ ನೋಡಿದೆವು.
ತಡೆಯಿತು.
ಆದರೂ ಮರಳಿಗೆ ಹೆಂಡತಿ ಮಕ್ಕಳಿಲ್ಲ.

ಆಮೇಲೆ ಅವರು ಟೋಪಿ ಹಾಕಿಕೊಂಡು
ಪೇಪರು ಮಡಚಿ ಹಿಡಿದು
ಡಬ್ಬಿಯೊಳಗೆ ಹೋಗಿ ಕೂತರು.
ಹಿಡಿಕೆಗಳತ್ತ ನೋಡಲಿಲ್ಲ. ನನ್ನತ್ತಲೂ.
ಪದಬಂಧಕ್ಕೆ ತಲೆ ಬಗ್ಗಿಸಿ ಕಿಟಕಿಯಿಂದ ಕೇಳಿದರು:
"ಎಂಟು ಮನೆ. ಮೀನು. ಮೈಮೇಲೆ ಬೆಳ್ಳಿಗೆರೆ."

ಗೊತ್ತಿತ್ತು. ವಾರಕ್ಕೆರಡು ಸಲ ಅಮ್ಮ ಹುರಿಯುವ ಮೀನು.
ನಾಲಿಗೆ ಅಂಗುಳಿಗೆ ಅಂಟಿತ್ತು.
ಬ್ರೇಕು ಸಡಿಲಿಸಿದೆ. ಡಬ್ಬಿ ಕದಲಿತು.
ಮೊದಲು ಪೇಪರು ಮುಳುಗಿತು, ಆಮೇಲೆ ಭುಜ,
ಟೋಪಿ ಮರೆಯಾಗುವ ಮುಂಚೆ
ಎಲ್ಲಿತ್ತೋ ಆ ದನಿ,
"ಪೆಹೆರ್ರೇ!"
ಕೆಳಗೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸು
ಮೀನಿನವಳು ಬಂದಳೆಂದು ತಿರುಗಿ ನೋಡಿದಳು.

ಗಂಟೆ ಎರಡು ಸಲ ಬಾರಿಸಿತು. ಮೇಲೆ ತಂದೆ.
ಎಂಟೂ ಮನೆ ತುಂಬಿದ್ದವು, ಪೆನ್ಸಿಲ್ಲಲ್ಲ, ಪೆನ್ನಿನಲ್ಲಿ.
ಅದೇ ಪೆನ್ನಿನಲ್ಲಿ ನನ್ನ ಸರ್ಟಿಫಿಕೇಟಿಗೆ ಸಹಿ ಹಾಕಿದರು,
ಆಫೀಸಿನವರು ತಪ್ಪಾಗಿ ಅಚ್ಚು ಮಾಡಿದ್ದ ಹೆಸರನ್ನು ತಿದ್ದಿ.
ಶಾಬಾಸ್ ಅನ್ನಲಿಲ್ಲ.

ಅಲ್ಲಿ ಕೆಲಸ ಖಾಲಿ ಇರಲಿಲ್ಲ. ಆ ವರ್ಷ ಎಲ್ಲೂ ಇರಲಿಲ್ಲ.
ಏಳನೆಯ ಸಂದರ್ಶನದಲ್ಲಿ ಟೈ ಕಟ್ಟಿದವನೊಬ್ಬ
"ಅನುಭವ ಅಂತ ಹೇಳುವಂಥದ್ದು ಏನಿದೆ?" ಅಂದ.
"ನಾನು ಬಿಗಿದ ಹಗ್ಗಕ್ಕೆ ತೊಂಬತ್ತು ಕಿಲೋದ ಒಬ್ಬರು
ಜೋತುಬಿದ್ದು ಪದಬಂಧ ಬಿಡಿಸಿದ್ದಾರೆ," ಅಂದೆ.
ಜೋರಾಗಿಯೇ.

ಈಗ ಕಾನ್ಸೆಪ್ಸಿಯೋನಿನ ಆಸ್ಪತ್ರೆಯೊಂದರ ಲಿಫ್ಟುಗಳು
ನನ್ನ ಉಸ್ತುವಾರಿಯಲ್ಲಿವೆ.
ಗಾಸ್ಪಾರ್ ಅಂತ ಹುಡುಗ, ಬಂದು ಎರಡು ತಿಂಗಳು.
ಹೆಸರು ತಿಳಿಯಲು ಮೂರು ಸಲ ಕಿವಿಗೊಡಬೇಕಾಯಿತು.
ಇವತ್ತು ಅವನೇ ಬಿಚ್ಚಿ ಅವನೇ ಜೋಡಿಸಿದ ನಾಲ್ಕನೆಯ ಲಿಫ್ಟು.
ಮರಳಿನ ಚೀಲ ಏರಿಸಿ ಇಳಿಸಿ ಆಯಿತು.
ಒಳಗೆ ಹೋಗಿ ಬಾಗಿಲು ಎಳೆದುಕೊಂಡೆ.
"ಆರು ಮನೆ. ಹಣ್ಣು."

ಹೊರಗೆ ಸದ್ದಿಲ್ಲ.
ಗುಂಡಿ ಅವನ ಬೆರಳ ಕೆಳಗಿದೆ.
ಕಾಯುತ್ತೇನೆ. ನನಗೇನೂ ಅವಸರವಿಲ್ಲ.