ಬಾಕಿ ಮೂರು

ಮಾಗಡಿ ರಸ್ತೆ, ಟೈರ್ ಅಂಗಡಿಯ ಮೇಲಿನ ಮಹಡಿ.
ಬೆಳಿಗ್ಗೆ ಐದೂ ಮುಕ್ಕಾಲಿಗೆ ಷಟರ್ ಎತ್ತಿದರೆ
ರಬ್ಬರಿನ ವಾಸನೆ ನಮಗಿಂತ ಮೊದಲೇ ಹಾಜರು.
ಹದಿನಾಲ್ಕು ಹೆಂಗಸರು, ಹದಿಮೂರು ಚಾಪೆ.
ತಡವಾಗಿ ಬಂದವಳಿಗೆ ಬರೀ ನೆಲ.
ಮೊದಲ ಪಂದ್ಯ ಅಲ್ಲೇ, ಮೆಟ್ಟಿಲ ಮೇಲೆ.

ಮುನಿರಾಜು ಮಾಸ್ಟರು ಗೋಡೆಗೊಂದು ಬಿಳಿ ಹಲಗೆ ತಂದರು.
ಅದಕ್ಕೂ ಮುಂಚೆ ನಾವು ಬರುತ್ತಿದ್ದುದು ಹೀಗೆ:
ಸೋಮವಾರ ಒಂಬತ್ತು ಜನ, ಗುರುವಾರ ನಾಲ್ಕು,
ಶನಿವಾರ ಮಾಸ್ಟರೂ ಫ್ಯಾನೂ.
ಹಲಗೆಯ ಮೇಲೆ ಹೆಸರು ಬಿತ್ತು ನೋಡಿ,
ಮುಟ್ಟು, ನೆಗಡಿ, ನಾದಿನಿಯ ಸೀಮಂತ
ಯಾವುದೂ ಅಡ್ಡ ಬರಲಿಲ್ಲ.
ಏಳನೇ ಸ್ಥಾನದ ಪಂಕಜಾಕ್ಷಿ
ಎಂಟನೇ ಸ್ಥಾನದ ಡೆಲ್ಫಿನಾಳನ್ನು ಮಾತಾಡಿಸುವುದೇ ಬಿಟ್ಟಳು.
ಇಬ್ಬರೂ ಒಂದು ದಿನ ತಪ್ಪಿಸಲಿಲ್ಲ.

ತಿಂಗಳ ಕೊನೆಗೆ ಬಹುಮಾನ: ಒಂದು ಸ್ಟೀಲ್ ಡಬ್ಬಿ.
ನಗಬೇಡಿ. ನಮ್ಮ ಮನೆಯಲ್ಲಿ ಅಂಥವು ಇಪ್ಪತ್ತಾರಿವೆ,
ಎಲ್ಲದರ ಮೇಲೂ ಯಾರದೋ ಮದುವೆ, ಯಾರದೋ ಗೃಹಪ್ರವೇಶ,
ಚುಕ್ಕಿ ಚುಕ್ಕಿಯಾಗಿ ಕೊರೆದ ಯಾರದೋ ಹೆಸರು.
ನನ್ನದು ಒಂದರ ಮೇಲೂ ಇಲ್ಲ.

ಇಪ್ಪತ್ತೆರಡು ವರ್ಷದಿಂದ ಚೀಟಿ ನಡೆಸುತ್ತೇನೆ.
ಒಂದು ರೂಪಾಯಿ ಆಚೀಚೆ ಆಗಿದ್ದಿಲ್ಲ.
ಕಸ್ತೂರಕ್ಕನ ಬಾಯಲ್ಲಿ ಬಂದ ಲೆಕ್ಕ
ಬ್ಯಾಂಕಿನ ರಸೀದಿ ಅನ್ನುತ್ತದೆ ಇಡೀ ಅಗ್ರಹಾರ ದಾಸರಹಳ್ಳಿ.

ಆದರೂ ಆ ಕೊನೆಯ ಶನಿವಾರ,
ಎರಡು ನಿಮಿಷಕ್ಕೆ ಎಷ್ಟು ಬಸ್ಕಿ ಎಂದಾಗ,
ಪಕ್ಕದ ಚಾಪೆಯ ಜೈಬುನ್ನಿಸಾ
ಬ್ಲೌಸ್ ಪೀಸು ಅಳೆಯುವ ಹಾಗೆ
ಒಂದೊಂದನ್ನೂ ಎಳೆದು ಎಣಿಸುತ್ತಿದ್ದಾಗ,
ನನ್ನ ಮಂಡಿ ಕೈ ಮುಗಿಯಿತು. ಬಾಯಿ ಮುಂದೆ ನಡೆಯಿತು.
ಇಪ್ಪತ್ತೆಂಟು, ಅಂದೆ.
ಒಂದು ಕೆಮ್ಮು.
ಮೂವತ್ತೆರಡು.

ಮಾಸ್ಟರು ಬರೆದರು: ಕಸ್ತೂರಿ ೪೨. ಜೈಬುನ್ ೪೧.
ಚಪ್ಪಾಳೆ. ಕೆಳಗೆ ಯಾರದೋ ಲಾರಿಗೆ
ಗಾಳಿ ತುಂಬುತ್ತಿದ್ದರು. ಆ ಸದ್ದಿಗೆ
ನನ್ನೆದೆಯೂ ಒಂದಿಷ್ಟು ಉಬ್ಬಿತು, ಸುಳ್ಳೇಕೆ.

(ಸುಳ್ಳೇಕೆ ಅನ್ನುವ ಮಾತು
ಈಗೀಗ ಬಾಯಿಗೆ ಬೇಗ ಬರುತ್ತದೆ.)

ಡಬ್ಬಿಯನ್ನು ಪಾತ್ರೆ ಅಂಗಡಿಗೆ ಒಯ್ದೆ.
ಕೊರೆಯುವ ಹುಡುಗ ಮೆಷಿನ್ ಹಚ್ಚಿ ಕೇಳಿದ:
"ಆಂಟಿ, ಹೆಸರಿನ ಕೆಳಗೆ? ಮದುವೆ ನೆನಪಿಗೆ ಅಂತಲಾ?"
"ಪ್ರಥಮ" ಅಂದೆ. "ಒತ್ತು ಸರಿಯಾಗಿ ಹಾಕು."
ಸೂಜಿ ತಗಡಿಗೆ ಬಡಿಯುತ್ತಾ ಹೋಯಿತು,
ಟಿರ್‍ರ್, ಪ್ರ. ಟಿರ್‍ರ್, ಥ.
ಅದು ಎಣಿಸುತ್ತಿದೆ ಅನ್ನಿಸಿತು.

ರಾತ್ರಿ ಪಾತ್ರೆ ತೊಳೆದು ತಾರಸಿಗೆ ಹೋದೆ.
ಸಿಂಟೆಕ್ಸ್ ಟ್ಯಾಂಕಿನ ಹಿಂದೆ ಹಲಗೆಯಿಲ್ಲ, ಮಾಸ್ಟರಿಲ್ಲ.
ದೂರದಲ್ಲಿ ಮೆಟ್ರೋ ಒಂದು ಸಾಲು ಬೆಳಕು
ಎಳೆದುಕೊಂಡು ಹೊಸಹಳ್ಳಿ ಕಡೆ ಹೋಯಿತು.
ಬಾಕಿ ಮೂರು ತೀರಿಸಿದೆ.
ಬಡ್ಡಿಗೆ ಎರಡು. ಗಟ್ಟಿಯಾಗಿ ಎಣಿಸಿಯೇ.
ಚೀಟಿ ಲೆಕ್ಕದಲ್ಲಿ ಇಷ್ಟಕ್ಕೆ ಖಾತೆ ಚುಕ್ತಾ ಆಗಬೇಕು.
ನಿದ್ದೆ ಬರಲಿಲ್ಲ. ತೊಡೆ ನೋವಿಗೆ ಇರಬಹುದು.

ಸೋಮವಾರ ಮೆಟ್ಟಿಲ ಮೇಲೆ ಜೈಬುನ್ ಸಿಕ್ಕಳು,
ಸೊಂಟ ಹಿಡಿದುಕೊಂಡು, ನಗುತ್ತಾ:
"ಅಕ್ಕಾ, ನಾನು ಮೂವತ್ತಕ್ಕೇ ಕೂತುಬಿಡೋಳು.
ನೀವು ಮೂವತ್ತೆರಡು ಅಂದ್ರಲ್ಲ,
ಅದರ ಹಿಂದೆ ಬಿದ್ದು ಓಡಿದೆ.
ನಲವತ್ತೊಂದು! ಮನೇಲಿ ಯಾರೂ ನಂಬಲಿಲ್ಲ."

ಹೇಳಿಬಿಡೋಣವೆಂದು ಬಾಯಿ ತೆರೆದೆ.
ಬಾಗಿಲಾಚೆ ಒಂದೇ ಚಾಪೆ ಖಾಲಿ ಕಾಣಿಸಿತು.
ಅವಳು ಚಾಪೆಯನ್ನು ನೋಡಿದಳು, ನನ್ನನ್ನು ನೋಡಿದಳು.

ಇಬ್ಬರೂ ಓಡಿದೆವು.